ಒರಟು ಗೋಡೆಗೆ ಬಣ್ಣ ಹೊಡೆಯುವ ಮುಂಚೆ: ಮೊದಲ ಸಲ ಕೈ ಹಾಕುವವರಿಗೆ

ಮೊದಲ ಸಲ ನಾನೇ ಗೋಡೆಗೆ ಪುಟ್ಟಿ (ಬಣ್ಣಕ್ಕೆ ಮುಂಚೆ ಗೋಡೆ ನುಣುಪಾಗಲು ಹಚ್ಚುವ ಬಿಳಿ ಲೇಪ) ಹಚ್ಚಿದ ದಿನ ಬಹಳ ಖುಷಿಯಲ್ಲಿದ್ದೆ. ಚೀಲ ತಂದೆ, ಕಲಸಿದೆ, ಹಚ್ಚಿದೆ. ಸಂಜೆಗೆ ಗೋಡೆ ಬೆಳ್ಳಗೆ ನುಣ್ಣಗೆ ನಿಂತಿತ್ತು. ಬಣ್ಣವೂ ಆಯಿತು. ನಾಲ್ಕು ತಿಂಗಳಿಗೆ ಕಿಟಕಿ ಪಕ್ಕ ಒಂದು ಗುಳ್ಳೆ ಎದ್ದಿತು. ಉಗುರಿನಿಂದ ಕೆದಕಿದೆ. ಕಾವಲಿಯಿಂದ ದೋಸೆ ಏಳುವ ಹಾಗೆ ಅಂಗೈ ಅಗಲದ ಹಾಳೆ ಎದ್ದು ಕೈಗೆ ಬಂತು. ಅದರ ಹಿಂಬದಿ ನೋಡಿದರೆ ತಿಳಿ ನೀಲಿ ಪುಡಿ. ಹಳೆಯ ಡಿಸ್ಟೆಂಪರ್, ಅಂದರೆ ನೀರಿನಲ್ಲಿ ಕಲಸಿ ಹೊಡೆಯುವ ಅಗ್ಗದ ಬಣ್ಣ. ನನ್ನ ಪುಟ್ಟಿ ಹಿಡಿದುಕೊಂಡಿದ್ದು ಗೋಡೆಯನ್ನಲ್ಲ, ಆ ಪುಡಿಯನ್ನು.

ಅದಕ್ಕೇ ಹೇಳುವುದು, ಅಂಗಡಿಗೆ ಹೋಗುವ ಮುಂಚೆ ಗೋಡೆಯ ಮೇಲೆ ಏನಿದೆ ಅಂತ ನೋಡಿ. ಪುಟ್ಟಿ ಹಚ್ಚುವುದು ಕೈಗೆ ಎರಡು ದಿನದಲ್ಲಿ ಬರುತ್ತದೆ. ಯಾವುದರ ಮೇಲೆ ಹಚ್ಚುತ್ತಿದ್ದೇವೆ ಅನ್ನುವುದು ಗೊತ್ತಿಲ್ಲದಿದ್ದರೆ ಆ ಕೈಚಳಕ ಎಲ್ಲ ದಂಡ.

ಇಲ್ಲಿ ನಾನು ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಸುಮಾರು 30 ವರ್ಷ ಹಳೆಯ ಇಟ್ಟಿಗೆ ಮನೆಯ ಒಂದು ಕೋಣೆ. 10 ಅಡಿಗೆ 12 ಅಡಿ, ಎತ್ತರ 10 ಅಡಿ. ಮರಳು ಮರಳಾಗಿರುವ ಸಿಮೆಂಟ್ ಗಾರೆ, ಅದರ ಮೇಲೆ ನಾಲ್ಕಾರು ಸಲ ಹೊಡೆದ ಸುಣ್ಣ, ಡಿಸ್ಟೆಂಪರ್. ನಮ್ಮ ಊರುಗಳಲ್ಲಿ ಇಂಥ ಗೋಡೆಗಳೇ ಜಾಸ್ತಿ ಅಲ್ವಾ?

ಯಾವಾಗ ಮಾಡಬೇಕು

ದೀಪಾವಳಿ ಕಳೆದ ಮೇಲೆ, ಯುಗಾದಿಯ ಒಳಗೆ. ನಮ್ಮಲ್ಲಿ ಗೌರಿ ಹಬ್ಬಕ್ಕೆ ಬಣ್ಣ ಆಗಬೇಕು ಅಂತ ಆಗಸ್ಟ್‌ನಲ್ಲಿ ಓಡಾಡುವವರು ಬಹಳ. ಆಗ ಗೋಡೆ ಮಳೆ ನೀರು ಕುಡಿದು ಕೂತಿರುತ್ತದೆ. ಮಲೆನಾಡು, ಕರಾವಳಿಯಲ್ಲಂತೂ ಮಳೆ ನಿಂತು ಒಂದೆರಡು ತಿಂಗಳು ಬಿಸಿಲು ಬಿದ್ದ ಮೇಲೆಯೇ ಗೋಡೆ ಮುಟ್ಟಿ. ಹೊಸದಾಗಿ ಗಾರೆ ಆಗಿದ್ದರೆ ಕ್ಯೂರಿಂಗ್ (ನೀರು ಹಾಕಿ ಗಟ್ಟಿಯಾಗಿಸುವುದು) ಮುಗಿದು ಒಣಗುವವರೆಗೆ ಕನಿಷ್ಠ 28 ದಿನ ಬಿಡಿ. ಹೊಸ ಸಿಮೆಂಟಿನ ಕ್ಷಾರ ಬಣ್ಣವನ್ನು ತಿನ್ನುತ್ತದೆ. ಆಮೇಲೆ ಅಲ್ಲಲ್ಲಿ ಮಾಸಲು ಮಚ್ಚೆ ಬರುತ್ತದೆ.

ಗೋಡೆಯನ್ನು ಮುಟ್ಟಿ, ತಟ್ಟಿ ನೋಡಿ

ಇದಕ್ಕೆ ಒಂದು ಸಂಜೆ ಇಟ್ಟುಕೊಳ್ಳಿ. ಖರ್ಚು ಏನೂ ಇಲ್ಲ.

ಮೊದಲು ಅಂಗೈಯಿಂದ ಗೋಡೆ ಉಜ್ಜಿ. ಕೈಗೆ ಬಿಳಿ ಪುಡಿ ಅಂಟಿದರೆ ಅದು ಸುಣ್ಣ ಅಥವಾ ಡಿಸ್ಟೆಂಪರ್. ಅದನ್ನು ತೆಗೆಯಲೇಬೇಕು, ಚೌಕಾಸಿ ಇಲ್ಲ. ಪುಡಿ ಬರದಿದ್ದರೆ ಸೆಲ್ಲೋ ಟೇಪ್ ಪರೀಕ್ಷೆ ಮಾಡಿ. ಬ್ಲೇಡಿನಿಂದ ಬಣ್ಣದ ಮೇಲೆ ಗುಣಾಕಾರದ ಗುರುತಿನ ಹಾಗೆ ಗೀರಿ, ಟೇಪ್ ಒತ್ತಿ ಅಂಟಿಸಿ, ಒಂದೇ ಏಟಿಗೆ ಕೀಳಿ. ಟೇಪಿಗೆ ಬಣ್ಣದ ಚೂರು ಅಂಟಿ ಬಂದರೆ ಆ ಬಣ್ಣವನ್ನು ನಂಬಬೇಡಿ.

ಹಳೆ ಮನೆಗಳಲ್ಲಿ ನೆಲದಿಂದ ಮೂರು ನಾಲ್ಕು ಅಡಿ ಎತ್ತರಕ್ಕೆ ಆಯಿಲ್ ಪೇಂಟ್ ಹೊಡೆದಿರುತ್ತಾರೆ, ಮಕ್ಕಳ ಕೈ ಕೊಳೆ ಒರೆಸಲು ಸುಲಭ ಅಂತ. ಹೊಳಪು ಮಾಸಿದ್ದರೆ ನೋಡಿದ ತಕ್ಷಣ ಗೊತ್ತಾಗುವುದಿಲ್ಲ. ಹತ್ತಿಗೆ ಸ್ಪಿರಿಟ್ ಹಾಕಿ ಒಂದೇ ಕಡೆ ಉಜ್ಜಿ. ಬಣ್ಣ ಮೆತ್ತಗಾಗಿ ಹತ್ತಿಗೆ ಬಂದರೆ ನೀರಿನ ಬಣ್ಣ. ಏನೂ ಆಗದಿದ್ದರೆ ಆಯಿಲ್ ಪೇಂಟ್. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಗೋಡೆಯನ್ನು ಅಡಿಗೊಂದು ಕಡೆ ತಟ್ಟುತ್ತಾ ಹೋಗಿ. ತೆಂಗಿನಕಾಯಿ ತಟ್ಟಿ ನೋಡುವವರಿಗೆ ಇದನ್ನು ಕಲಿಸಬೇಕಾಗಿಲ್ಲ. ಗಟ್ಟಿ ಇದ್ದ ಕಡೆ ಒಂದು ಸದ್ದು, ಗಾರೆ ಇಟ್ಟಿಗೆ ಬಿಟ್ಟು ನಿಂತ ಕಡೆ ಡಬ್ ಡಬ್ ಅಂತ ಟೊಳ್ಳು ಸದ್ದು. ಟೊಳ್ಳು ಕಡೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ.

ಕೊನೆಗೆ ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಬೆಳಕು ಗೋಡೆಯುದ್ದಕ್ಕೂ ಹರಿಯುವ ಹಾಗೆ ಮಾಡಿ. ಹಗಲು ಸಮವಾಗಿ ಕಂಡ ಗೋಡೆ ಆಗ ಉತ್ತ ಹೊಲದ ಹಾಗೆ ಕಾಣುತ್ತದೆ. ಹೆದರಬೇಡಿ. ದೊಡ್ಡ ಗುಂಡಿಗೂ ಉಬ್ಬಿಗೂ ಮಾತ್ರ ಗುರುತು ಹಾಕಿ.

ತೇವ ಇದ್ದರೆ ಅಲ್ಲೇ ನಿಲ್ಲಿ

ಗೋಡೆಯ ಬುಡದಲ್ಲಿ ಬಿಳಿ ಹೂವಿನ ಹಾಗೆ ಪುಡಿ ಎದ್ದಿದೆಯೇ? ನಮ್ಮ ಕಡೆ ಚೌಳು ಅನ್ನುತ್ತಾರೆ. ಇಟ್ಟಿಗೆ, ಗಾರೆಯೊಳಗಿನ ಉಪ್ಪು ನೀರಿನಲ್ಲಿ ಕರಗಿ ಹೊರಗೆ ಬರುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ. ಇದನ್ನು ನೀರು ಹಾಕಿ ತೊಳೆಯಬೇಡಿ. ತೊಳೆದರೆ ಉಪ್ಪು ಮತ್ತೆ ಕರಗಿ ಒಳಕ್ಕೇ ಹೋಗುತ್ತದೆ. ಒಣ ಬ್ರಶ್‌ನಲ್ಲಿ ಉದುರಿಸಿ, ಗುಡಿಸಿ ಹೊರಗೆ ಹಾಕಿ.

ಅದಕ್ಕಿಂತ ಮುಖ್ಯವಾದ್ದು ನೀರು ಎಲ್ಲಿಂದ ಬರುತ್ತಿದೆ ಅನ್ನುವುದು. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಬಿಗಿದು ಎರಡು ದಿನ ಬಿಡಿ. ಹಾಳೆಯ ಒಳಬದಿ ಹನಿ ಕಟ್ಟಿದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹೊರಬದಿ ಹನಿ ಕಟ್ಟಿದರೆ ಕೋಣೆಯ ಗಾಳಿಯಲ್ಲೇ ತೇವ ಇದೆ, ಕಿಟಕಿ ತೆರೆಯುವ ಅಭ್ಯಾಸ ಮಾಡಬೇಕು ಅಷ್ಟೆ.

ಒಳಗಿಂದ ಬರುತ್ತಿದ್ದರೆ ಗೋಡೆಯ ಆಚೆ ಬದಿ ಏನಿದೆ ಅಂತ ಹೋಗಿ ನೋಡಿ. ಬಚ್ಚಲು ಇದ್ದರೆ ಟೈಲ್ ಸಂದಿ ಅಥವಾ ಪೈಪ್. ಮೇಲ್ಭಾಗದಲ್ಲಿ ಮಾತ್ರ ತೇವ ಇದ್ದರೆ ತಾರಸಿ. ಹೊರಗೋಡೆಗೆ ಮಣ್ಣು ಒರಗಿಸಿ ಹೂಗಿಡ ನೆಟ್ಟಿದ್ದರೆ ಅದೇ ಕಳ್ಳ. ಇವು ಯಾವುದೂ ಇಲ್ಲದೆ ಬುಡದಿಂದ ಮೂರಡಿವರೆಗೆ ಒಂದೇ ಮಟ್ಟದಲ್ಲಿ ತೇವ ಏರಿದ್ದರೆ ಅದು ನೆಲದಿಂದ ಬರುವುದು. ಅದನ್ನು ಪುಟ್ಟಿಯಿಂದ ತಡೆಯಲು ಆಗದು. ತಿಳಿದ ಮೇಸ್ತ್ರಿಯನ್ನು ಕರೆಸಿ. ನೀರು ನಿಲ್ಲಿಸದೆ ಮೇಲೆ ಏನೇ ಹಚ್ಚಿದರೂ ಮುಂದಿನ ಮಳೆಗಾಲಕ್ಕೆ ಉದುರುತ್ತದೆ. ಡ್ಯಾಂಪ್ ತಡೆಯುವ ಪೇಂಟ್ ಅಂತ ಡಬ್ಬಿ ತೋರಿಸುತ್ತಾರೆ. ಒಳಗಿನಿಂದ ಬರುವ ನೀರಿಗೆ ನಾನು ಅದನ್ನು ನಂಬುವುದಿಲ್ಲ.

ಕಪ್ಪು ಚುಕ್ಕಿಯ ಬೂಷ್ಟು ಇದ್ದರೆ ಒಂದು ಪಾಲು ಬಟ್ಟೆಯ ಬ್ಲೀಚ್, ನಾಲ್ಕು ಪಾಲು ನೀರು ಕಲಸಿ ಸ್ಪಂಜಿನಲ್ಲಿ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು ತೊಳೆದು ಒಣಗಿಸಿ. ಕೈಗವಸು ಇರಲಿ, ಕಿಟಕಿ ತೆರೆದಿರಲಿ. ಬ್ಲೀಚ್ ಜೊತೆ ಟಾಯ್ಲೆಟ್ ಆಸಿಡ್ ಯಾವತ್ತೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ.

ಏನೇನು ಬೇಕು

ಎರಡು ಪುಟ್ಟಿ ಬ್ಲೇಡ್: ಒಂದು 4 ಇಂಚು, ಇನ್ನೊಂದು 8 ಅಥವಾ 10 ಇಂಚು. ಕೆರೆಯಲು ಸ್ಕ್ರೇಪರ್, ತಂತಿ ಬ್ರಶ್, ಎಮರಿ ಕಲ್ಲು. ಎಮರಿ ಪೇಪರ್, ಹಳಬರು ಉಪ್ಪು ಕಾಗದ ಅನ್ನುವುದು ಇದನ್ನೇ: 80, 120, 220 ನಂಬರ್. ನಂಬರ್ ಹೆಚ್ಚಿದಷ್ಟೂ ನುಣುಪು. ಎರಡು ಬಕೆಟ್, ಸ್ಪಂಜು, ಮಾಸ್ಕಿಂಗ್ ಟೇಪ್, ನೆಲಕ್ಕೆ ಹಾಸಲು ಹಳೆ ಸೀರೆ ಅಥವಾ ಟಾರ್ಪಾಲ್. ಅಲುಗಾಡದ ಏಣಿ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಸ್ಟೂಲ್ ಇಡುವ ಸಾಹಸ ಬೇಡ.

ಮಾಸ್ಕ್ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಎನ್95 ತನ್ನಿ. ಬಾಯಿಗೆ ಕಟ್ಟಿದ ಟವೆಲ್ ಪುಟ್ಟಿಯ ಸಣ್ಣ ಧೂಳನ್ನು ತಡೆಯುವುದಿಲ್ಲ. ಕಣ್ಣಿಗೂ ಕನ್ನಡಕ ಇರಲಿ, ಮುಖ್ಯವಾಗಿ ಸೂರು ಕೆರೆಯುವಾಗ.

ಪುಟ್ಟಿಯ ಲೆಕ್ಕ ಹೀಗೆ. ಕೋಣೆಯ ಸುತ್ತಳತೆ 44 ಅಡಿ, ಎತ್ತರ 10, ಒಟ್ಟು 440 ಚದರಡಿ. ಬಾಗಿಲು ಕಿಟಕಿ ಕಳೆದರೆ 400. ಎರಡು ಕೈ, ಅಂದರೆ ಎರಡು ಪದರ, ಪುಟ್ಟಿಗೆ ಕೆಜಿಗೆ 10 ಚದರಡಿ ಅಂತ ಹಿಡಿದರೆ 40 ಕೆಜಿಯ ಒಂದು ಚೀಲ. ಗೋಡೆ ಬಹಳ ಒರಟಾಗಿದ್ದರೆ ಇನ್ನೂ 20 ಕೆಜಿ ಬೇಕಾದೀತು. ಆ 20 ಕೆಜಿಯನ್ನು ಬೇಕಾದಾಗಲೇ ತನ್ನಿ. ಬಾಯಿ ತೆರೆದ ಚೀಲ ನಮ್ಮ ಹವೆಗೆ ಗಂಟು ಕಟ್ಟುತ್ತದೆ.

ಕೆರೆಯುವುದು

ಎಲ್ಲಕ್ಕಿಂತ ಬೇಸರದ ಕೆಲಸ ಇದು. ಪೇಂಟರ್‌ಗಳು ತಪ್ಪಿಸಿಕೊಳ್ಳುವುದೂ ಇದನ್ನೇ.

ಸಾಮಾನು ಹೊರಗೆ ಹಾಕಿ, ಮೊಳೆ ಕಿತ್ತು, ಬಾಗಿಲು ಚೌಕಟ್ಟಿಗೆ ಟೇಪ್ ಅಂಟಿಸಿ. ಆ ಕೋಣೆಯ ಎಂಸಿಬಿ (ಮೇನ್ ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್) ಆರಿಸಿದ ಮೇಲೆಯೇ ಸ್ವಿಚ್‌ಬೋರ್ಡ್ ಸುತ್ತ ನೀರಿನ ಕೆಲಸ. ಒಣ ಸುಣ್ಣ ಕೆರೆದರೆ ಮನೆಯೆಲ್ಲ ಧೂಳು. ಅದಕ್ಕೆ ಎರಡು ಮೂರಡಿ ಜಾಗಕ್ಕೆ ಸ್ಪಂಜಿನಿಂದ ನೀರು ಹಚ್ಚಿ, ಐದು ನಿಮಿಷ ನೆನೆಯಲು ಬಿಟ್ಟು, ಮೇಲಿನಿಂದ ಕೆಳಗೆ ಕೆರೆಯಿರಿ. ನೆನೆದ ಡಿಸ್ಟೆಂಪರ್ ಮೊಸರಿನ ಹಾಗೆ ಜಾರಿ ಬರುತ್ತದೆ. ಒಂದು ಗೋಡೆ ಆದ ಮೇಲೆ ತಿಳಿನೀರಿನಲ್ಲಿ ಒರೆಸಿ. ಒಣಗಿದ ಮೇಲೆ ಮತ್ತೆ ಅಂಗೈ ಉಜ್ಜಿ ನೋಡಿ. ಪುಡಿ ಬಂದರೆ ಇನ್ನೊಂದು ಸಲ. ಹೌದು, ಇನ್ನೊಂದು ಸಲ.

ಸುಣ್ಣ ಹೋದ ಮೇಲೆ ಗಾರೆ ಕಾಣುತ್ತದೆ. ಎದ್ದು ನಿಂತ ಮರಳಿನ ಕಾಳುಗಳನ್ನು, ಸಿಮೆಂಟ್ ಗಂಟುಗಳನ್ನು ಎಮರಿ ಕಲ್ಲಿನಿಂದ ಉಜ್ಜಿ ಉದುರಿಸಿ. ಇಲ್ಲಿ ಉಜ್ಜಿದಷ್ಟೂ ಮುಂದೆ ಪುಟ್ಟಿ ಉಳಿಯುತ್ತದೆ. ಬ್ಲೇಡಿಗೆ ಒಂದು ಕಾಳು ಸಿಕ್ಕಿದರೂ ಗೋಡೆಯುದ್ದಕ್ಕೂ ಗೀರು ಬೀಳುತ್ತದೆ.

ಆಯಿಲ್ ಪೇಂಟ್ ಇರುವ ಕಡೆ ಬೇರೆ ದಾರಿ. ಒಣ ಎಮರಿ ಹಾಕಲೇಬೇಡಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೆಯ ಆಯಿಲ್ ಪೇಂಟಿನಲ್ಲಿ ಸೀಸ ಎಷ್ಟು ಬೇಕಾದರೂ ಇರಬಹುದು. ಅದರ ಧೂಳು ಸಣ್ಣ ಮಕ್ಕಳಿಗೆ, ಬಸುರಿಯರಿಗೆ ಅಪಾಯ. ನೀರು ಹಚ್ಚಿಕೊಂಡು ವಾಟರ್ ಪೇಪರ್‌ನಲ್ಲಿ (ಒದ್ದೆಯಾದರೂ ಹರಿಯದ ಎಮರಿ ಪೇಪರ್) ಹೊಳಪು ಹೋಗುವವರೆಗೆ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿಗೆ ಹಾಕಿ ಕಟ್ಟಿ ಎಸೆಯಿರಿ. ಮಕ್ಕಳನ್ನು ಅವತ್ತು ಅಜ್ಜಿ ಮನೆಗೆ ಕಳಿಸಿ.

ಬಿರುಕು, ಟೊಳ್ಳು, ಗುಂಡಿ

ಕೂದಲೆಳೆಯಷ್ಟಿರುವ ಬಿರುಕಿಗೆ ಹೆದರಬೇಕಾಗಿಲ್ಲ. ಅದನ್ನು ಹಾಗೇ ಮುಚ್ಚಿದರೆ ಮಾತ್ರ ಮತ್ತೆ ಕಾಣಿಸಿಕೊಳ್ಳುತ್ತದೆ. ಸ್ಕ್ರೇಪರ್ ಮೂಲೆಯಿಂದ ಬಿರುಕಿನುದ್ದಕ್ಕೂ ಕೆರೆದು ಐದಾರು ಮಿಲಿಮೀಟರ್ ಅಗಲ ಮಾಡಿ. ಧೂಳು ತೆಗೆದು, ಸ್ವಲ್ಪ ಒದ್ದೆ ಮಾಡಿ, ಕ್ರ್ಯಾಕ್ ಫಿಲ್ಲರ್ ಪೇಸ್ಟ್ ಒತ್ತಿ ತುಂಬಿ. ಮಾರನೆ ದಿನ ಅದು ಕುಗ್ಗಿ ತಗ್ಗಾಗಿರುತ್ತದೆ, ಇನ್ನೊಮ್ಮೆ ತುಂಬಿ.

ಗೋಡೆ ಮತ್ತು ಕಾಂಕ್ರೀಟ್ ಬೀಮ್ ಸೇರುವ ಕಡೆ ನೇರ ಅಡ್ಡಗೆರೆಯ ಬಿರುಕು ಸಾಮಾನ್ಯ. ಇಟ್ಟಿಗೆ, ಕಾಂಕ್ರೀಟ್ ಎರಡೂ ಬಿಸಿಲಿಗೆ ಬೇರೆ ಬೇರೆ ಅಳತೆಯಲ್ಲಿ ಹಿಗ್ಗುತ್ತವೆ. ಅಲ್ಲಿ ಬರೀ ಪೇಸ್ಟ್ ನಿಲ್ಲುವುದಿಲ್ಲ. ಮೇಲೆ ಫೈಬರ್ ಮೆಶ್ ಟೇಪ್ ಅಂಟಿಸಿ ಅದರ ಮೇಲೆ ಪುಟ್ಟಿ ಎಳೆಯಿರಿ. ವೈರಿಂಗ್‌ಗೆ ಗೋಡೆ ಕೊರೆದು ಮುಚ್ಚಿದ ಗೆರೆಗೂ ಇದೇ ಮದ್ದು.

ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟ, ನಾಣ್ಯದ ಅಂಚು ತೂರುವಷ್ಟು ಅಗಲದ ಬಿರುಕು ಇದ್ದರೆ ಮುಚ್ಚುವ ಆತುರ ಬೇಡ. ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ ತಾರೀಕು ಬರೆಯಿರಿ. ಒಂದೆರಡು ತಿಂಗಳಲ್ಲಿ ಗುರುತು ದಾಟಿ ಬೆಳೆದರೆ ಎಂಜಿನಿಯರ್‌ಗೆ ತೋರಿಸಿ.

ಟೊಳ್ಳು ಅಂತ ಸುತ್ತು ಹಾಕಿದ ಗಾರೆಯನ್ನು ಉಳಿಯಿಂದ ಕಿತ್ತುಬಿಡಿ. ನೋಡಲು ಸಂಕಟ ಆಗುತ್ತದೆ, ಆದರೆ ಇವತ್ತಲ್ಲ ನಾಳೆ ಅದು ಬೀಳುವುದೇ. ಇಟ್ಟಿಗೆಗೆ ನೀರು ಹೊಡೆದು, ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಜರಡಿ ಹಿಡಿದ ಮರಳು ಕಲಸಿ ಕರಣೆಯಿಂದ ತುಂಬಿ, ಅಕ್ಕಪಕ್ಕದ ಗೋಡೆಗೆ ಸಮ ಮಾಡಿ. ವಾರ ಪೂರ್ತಿ ದಿನಕ್ಕೆರಡು ಸಲ ನೀರು ಚಿಮುಕಿಸಿ. ಆಮೇಲೆ ಚೆನ್ನಾಗಿ ಒಣಗಲು ಬಿಡಿ. ಹೊಸ ಗಾರೆಗೆ ಹೇಳಿದ ಲೆಕ್ಕವೇ ಇದಕ್ಕೂ. ಕಡ್ಡಿಪೆಟ್ಟಿಗೆ ದಪ್ಪದ ಗುಂಡಿಯನ್ನೆಲ್ಲ ಪುಟ್ಟಿಯಿಂದಲೇ ಮುಚ್ಚಲು ಹೋದರೆ ಅದು ಒಣಗುತ್ತಾ ಸೀಳುತ್ತದೆ.

ಪುಟ್ಟಿ: ಯಾವುದು, ಹೇಗೆ

ಅಂಗಡಿಯಲ್ಲಿ ಎರಡು ಜಾತಿ ಸಿಗುತ್ತದೆ. ಒಂದು ವೈಟ್ ಸಿಮೆಂಟ್ ಪುಟ್ಟಿ, ಚೀಲದಲ್ಲಿ ಪುಡಿ. ಇನ್ನೊಂದು ಅಕ್ರಿಲಿಕ್ ಪುಟ್ಟಿ, ಡಬ್ಬಿಯಲ್ಲಿ ಪೇಸ್ಟ್. ಇವುಗಳ ಕ್ರಮ ತಿರುಗುಮುರುಗು. ಸಿಮೆಂಟ್ ಪುಟ್ಟಿ ಬರಿ ಗಾರೆಯ ಮೇಲೆ ನೇರವಾಗಿ, ಅದರ ಮೇಲೆ ಪ್ರೈಮರ್ (ಬಣ್ಣಕ್ಕೆ ಮುಂಚೆ ಹಚ್ಚುವ ತಳಪದರ). ಅಕ್ರಿಲಿಕ್ ಪುಟ್ಟಿಗೆ ಮೊದಲು ಪ್ರೈಮರ್, ಆಮೇಲೆ ಪುಟ್ಟಿ, ಮತ್ತೆ ಪ್ರೈಮರ್. ಗಾರೆಯವರೆಗೆ ಕೆರೆದ ಒರಟು ಗೋಡೆಗೆ ಸಿಮೆಂಟ್ ಪುಟ್ಟಿ ಸರಿ. ಗಟ್ಟಿಯಾಗಿ ಹಿಡಿದಿರುವ ಹಳೆ ಬಣ್ಣ ಕೆರೆಯಲು ಆಗದಿದ್ದರೆ ಅದನ್ನು ಎಮರಿಯಿಂದ (ಆಯಿಲ್ ಪೇಂಟ್ ಆದರೆ ಒದ್ದೆ ಮಾಡಿಕೊಂಡೇ) ಒರಟು ಮಾಡಿ, ಅದಕ್ಕೆ ಹೊಂದುವ ಪ್ರೈಮರ್ ಹಚ್ಚಿ, ಅಕ್ರಿಲಿಕ್ ಪುಟ್ಟಿ. ಆಯಿಲ್ ಪೇಂಟಿನ ಮೇಲೆ ಸಿಮೆಂಟ್ ಪುಟ್ಟಿ ಹಚ್ಚಿದರೆ ನನ್ನ ದೋಸೆಯ ಕಥೆಯೇ ಮತ್ತೊಮ್ಮೆ.

ಒಂದು ಎಚ್ಚರಿಕೆ. ನಿಮ್ಮದು ಮಣ್ಣಿನ ಗೋಡೆ ಅಥವಾ ಹಳೆ ಕಾಲದ ಸುಣ್ಣದ ಗಾರೆ ಆದರೆ ಇಲ್ಲಿಗೇ ಬಿಡಿ. ಆ ಗೋಡೆ ತೇವವನ್ನು ಒಳಗೂ ಹೊರಗೂ ಬಿಡುತ್ತಾ ಬದುಕುತ್ತದೆ. ಅದಕ್ಕೆ ಸಿಮೆಂಟಿನ ಪದರ ಹೊದಿಸಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಅಂಥ ಗೋಡೆಗೆ ಸುಣ್ಣವೇ ಚೆಂದ.

ಕಲಸುವಾಗ ಬಕೆಟ್‌ಗೆ ಮೊದಲು ನೀರು, ಆಮೇಲೆ ಪುಡಿ ಉದುರಿಸುತ್ತಾ ಹೋಗಿ. ಕೆಜಿಗೆ ಸುಮಾರು 350ರಿಂದ 400 ಮಿಲಿಲೀಟರ್ ನೀರು. ನಿಮ್ಮ ಚೀಲದ ಮೇಲೆ ಬೇರೆ ಬರೆದಿದ್ದರೆ ಅದೇ ಸರಿ. ಹತ್ತು ನಿಮಿಷ ಕಲಸಿ, ಐದು ನಿಮಿಷ ಬಿಟ್ಟು, ಮತ್ತೆ ತಿರುವಿ. ಹದ ಗಟ್ಟಿ ಇಡ್ಲಿ ಹಿಟ್ಟಿನ ಹಾಗಿರಬೇಕು. ಬ್ಲೇಡಿನ ಮೇಲೆ ನಿಲ್ಲಬೇಕು, ಗೋಡೆಯ ಮೇಲೆ ಜಾರಬಾರದು. ಒಂದು ಸಲಕ್ಕೆ ಎರಡು ಮೂರು ಕೆಜಿ ಸಾಕು. ಎರಡು ಗಂಟೆಯೊಳಗೆ ಮುಗಿಸಿ. ಗಟ್ಟಿಯಾಗಲು ಶುರುವಾದ ಪುಟ್ಟಿಗೆ ಮತ್ತೆ ನೀರು ಸೇರಿಸಿದರೆ ಅದರ ಶಕ್ತಿ ಹೋಗಿರುತ್ತದೆ.

ಗೋಡೆಗೆ ನೀರು ಚಿಮುಕಿಸಿ. ಗೋಡೆ ಕಪ್ಪಾಗಬೇಕು, ನೀರು ಹೊಳೆಯಬಾರದು. ಒಣ ಗಾರೆ ಪುಟ್ಟಿಯ ನೀರನ್ನೆಲ್ಲ ಹೀರಿಬಿಡುತ್ತದೆ, ಸಿಮೆಂಟ್ ಗಟ್ಟಿಯಾಗದೆ ಪುಡಿಯಾಗಿ ಉಳಿಯುತ್ತದೆ. ಮೊದಲು ಬೀರು ಬರುವ ಗೋಡೆಯಲ್ಲಿ ಕೈ ಪಳಗಿಸಿಕೊಳ್ಳಿ. ಸಣ್ಣ ಬ್ಲೇಡಿನಿಂದ ದೊಡ್ಡದರ ಅಂಚಿಗೆ ಪುಟ್ಟಿ ಹಾಕಿಕೊಂಡು ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಬ್ಲೇಡನ್ನು ಗೋಡೆಗೆ ಮಲಗಿಸಿದಷ್ಟೂ ದಪ್ಪ ಕೂರುತ್ತದೆ, ನಿಲ್ಲಿಸಿದಷ್ಟೂ ತೆಳುವಾಗುತ್ತದೆ. ಇದಿಷ್ಟು ಕೈಗೆ ಗೊತ್ತಾದರೆ ಅರ್ಧ ಕೆಲಸ ಬಂದ ಹಾಗೆ.

ಮೊದಲ ಕೈಯಲ್ಲಿ ಗೋಡೆ ನುಣುಪಾಗಬೇಕು ಅಂತ ಒದ್ದಾಡಬೇಡಿ. ಅದರ ಕೆಲಸ ತಗ್ಗು ತುಂಬುವುದು ಮಾತ್ರ. ಹೊಸಬರು ಮಾಡುವ ದೊಡ್ಡ ತಪ್ಪು ಎಂದರೆ ಒಂದೇ ಜಾಗವನ್ನು ಹತ್ತು ಸಲ ಎಳೆಯುವುದು. ಅರ್ಧ ಒಣಗಿದ ಪುಟ್ಟಿ ಕಿತ್ತು ಬರುತ್ತದೆ. ಗೆರೆ ಬಿದ್ದರೆ ಬೀಳಲಿ, ನಾಳೆ ಉಜ್ಜಿದರಾಯಿತು. ಮೂಲೆಯಲ್ಲಿ ಎರಡೂ ಗೋಡೆ ಒಟ್ಟಿಗೆ ಹಚ್ಚಬೇಡಿ. ಒಂದು ಬದಿ ಒಣಗಿದ ಮೇಲೆ ಇನ್ನೊಂದು. ಇಲ್ಲದಿದ್ದರೆ ಬ್ಲೇಡಿನ ಮೂಲೆ ಈಚೆಯದನ್ನು ಸರಿ ಮಾಡುತ್ತಾ ಆಚೆಯದನ್ನು ಕೆಡಿಸುತ್ತಲೇ ಇರುತ್ತದೆ.

ರಾತ್ರಿ ಒಣಗಲು ಬಿಡಿ. ಬೆಳಿಗ್ಗೆ ಎದ್ದು ನಿಂತ ಗೆರೆಗಳನ್ನು ಬ್ಲೇಡಿನಿಂದ ಕೆರೆದು, 120ರ ಎಮರಿಯಲ್ಲಿ ಹಗುರವಾಗಿ ಒಂದು ಸಲ ಉಜ್ಜಿ, ಧೂಳು ಒರೆಸಿ. ಎರಡನೇ ಕೈ ತೆಳ್ಳಗೆ ಎಳೆಯಿರಿ, ಈ ಸಲ ಅಡ್ಡಡ್ಡ. ಎರಡೂ ಸೇರಿ ಒಂದೂವರೆ ಮಿಲಿಮೀಟರ್ ಮೀರಬಾರದು. ಇಷ್ಟರಲ್ಲೂ ಗೋಡೆ ಸಮವಾಗದಿದ್ದರೆ ತಪ್ಪು ಪುಟ್ಟಿಯದ್ದಲ್ಲ, ಗಾರೆಯದ್ದು. ಅಂಥ ಕಡೆ ದಪ್ಪಕ್ಕೆ ಅಂತಲೇ ಸಿಗುವ ಒರಟು ಪುಟ್ಟಿಯನ್ನು ಮೊದಲು ಹಾಕಬೇಕಿತ್ತು.

ಉಜ್ಜುವುದು, ಪ್ರೈಮರ್ ಹಚ್ಚುವುದು

ಎರಡನೇ ಕೈ ಒಂದು ದಿನ ಒಣಗಲಿ. ಎಮರಿ ಪೇಪರನ್ನು ಬರಿ ಬೆರಳಿನಲ್ಲಿ ಹಿಡಿದರೆ ಬೆರಳಿನ ಹಳ್ಳ ಬೀಳುತ್ತದೆ. ಸಪಾಟಾದ ಮರದ ತುಂಡಿಗೆ ಸುತ್ತಿಕೊಳ್ಳಿ. 220ರಲ್ಲಿ, ಸುತ್ತು ಸುತ್ತಾಗಿ, ಭಾರ ಬಿಡದೆ. ಒಂದು ಕೈಯಲ್ಲಿ ಟಾರ್ಚ್ ಓರೆಯಾಗಿ ಹಿಡಿದು ನೆರಳು ಬಿದ್ದ ಕಡೆ ಮಾತ್ರ ಉಜ್ಜಿ. ಬಾಗಿಲ ಸಂದಿಗೆ ಒದ್ದೆ ಬಟ್ಟೆ ಇಟ್ಟು ಫ್ಯಾನ್ ಆರಿಸಿ. ಇಲ್ಲದಿದ್ದರೆ ಅಡುಗೆಮನೆಯ ಸಾರಿನಲ್ಲೂ ಪುಟ್ಟಿ.

ಧೂಳನ್ನು ಪೂರ್ತಿ ತೆಗೆಯಿರಿ: ಮೊದಲು ಮೆತ್ತನೆ ಪೊರಕೆ, ಆಮೇಲೆ ಚೆನ್ನಾಗಿ ಹಿಂಡಿದ ಬಟ್ಟೆ. ಪ್ರೈಮರ್ ನೀರಿನದ್ದೇ ಸಾಕು. ಡಬ್ಬಿಯ ಮೇಲೆ ಹೇಳಿದಷ್ಟೇ ನೀರು ಬೆರೆಸಿ, ಅದಕ್ಕಿಂತ ಜಾಸ್ತಿ ಬೇಡ. ಮೂಲೆಗಳಿಗೆ ಬ್ರಶ್, ಉಳಿದದ್ದಕ್ಕೆ ರೋಲರ್. ಖರ್ಚು ಉಳಿಸಲು ಪ್ರೈಮರ್ ಬಿಟ್ಟು ಒಂದು ಕೈ ಬಣ್ಣ ಹೆಚ್ಚಿಗೆ ಹೊಡೆಯೋಣ ಅನ್ನುವವರಿದ್ದಾರೆ. ಪುಟ್ಟಿ ಒಂದೊಂದು ಕಡೆ ಒಂದೊಂದು ಥರ ಹೀರುತ್ತದೆ. ಕಡಿಮೆ ಬೆಲೆಯ ಪ್ರೈಮರ್ ಕುಡಿಯಬೇಕಾದ ಗೋಡೆಗೆ ದುಬಾರಿ ಬಣ್ಣ ಕುಡಿಸುವುದು ಯಾವ ಉಳಿತಾಯ?

ಪ್ರೈಮರ್ ಒಣಗಿದ ಮೇಲೆ ಗೋಡೆ ಪೂರ್ತಿ ಒಂದೇ ಬಿಳಿಗೆ ಬರುತ್ತದೆ. ಆಗ ಅಲ್ಲಿಯವರೆಗೆ ಕಾಣದ ಚಿಕ್ಕ ಗೀರು, ಸೂಜಿಮೊನೆ ತೂತು ಎಲ್ಲ ಎದ್ದು ಕಾಣುತ್ತವೆ. ಇವಕ್ಕೆ ಚಿಕ್ಕ ಡಬ್ಬಿ ಅಕ್ರಿಲಿಕ್ ಪುಟ್ಟಿ ಇಟ್ಟುಕೊಂಡಿರಿ. ಬೆರಳ ತುದಿಯಷ್ಟು ಹಚ್ಚಿ, ಒಣಗಿದ ಮೇಲೆ ಉಜ್ಜಿ, ಆ ಜಾಗಕ್ಕೆ ಮಾತ್ರ ಮತ್ತೊಂದು ಕೈ ಪ್ರೈಮರ್ ಹಚ್ಚಿ. ಈ ಕೊನೆಯ ಪ್ರೈಮರ್ ಮರೆತರೆ ಬಣ್ಣ ಬಿದ್ದ ಮೇಲೆ ಅಷ್ಟಷ್ಟು ಜಾಗ ಮಂಕಾಗಿ ಕಾಣುತ್ತದೆ. ಮೊದಲ ಸಲಕ್ಕೆ ಹೊಳಪಿನ ಬಣ್ಣ ಬೇಡ, ಮ್ಯಾಟ್ ತನ್ನಿ. ಸಣ್ಣಪುಟ್ಟ ಏರುತಗ್ಗನ್ನು ಅದು ಮುಚ್ಚಿಕೊಳ್ಳುತ್ತದೆ. ಮಂಕು ಮಚ್ಚೆಯನ್ನು ಮಾತ್ರ ಮುಚ್ಚುವುದಿಲ್ಲ. ನಮ್ಮ ಕೋಣೆಯಲ್ಲಿ ಅಂಥದ್ದೊಂದು ಇದೆ, ಕ್ಯಾಲೆಂಡರ್ ಹಿಂದೆ.